ಕ್ಷೇತ್ರನಾಮಗಳ ಬೆಲೆ ಮತ್ತು ಮೌಲ್ಯ

ಹೆಸರಿಲ್ಲದ ವಸ್ತು ಲೋಕವ್ಯವಹಾರಕ್ಕೆ ಒದಗುವುದಿಲ್ಲ. ಮಗು ಹುಟ್ಟಿದರೆ ನಾಮಕರಣ ಮಾಡುತ್ತಾರೆ. ಕೆರೆ ಕಟ್ಟಿದರೆ ಕೆರೆಗೆ ಹೆಸರಿಡುತ್ತಾರೆ. ಊರು ನೆಲೆಗೊಂಡರೆ ಊರಿಗೆ ಹೆಸರು ತಾನಾಗಿಯೇ ಹತ್ತುತ್ತದೆ. ಹೀಗೆ ಬಂದ ಹೆಸರಿಗೆ ಯಾರೂ ಕಂದಾಯ ತೆತ್ತುದಿಲ್ಲ. ಅವಧಿ ಮುಗಿಯಿತೆಂದು ಯಾರೂ ಅದನ್ನು ಕಿತ್ತುಕೊಂಡುದೂ ಇಲ್ಲ. ಆದರೆ ಈಚಿನ ನಾಲ್ಕು ದಶಕಗಳಲ್ಲಿ ಒಂದು ಹೊಸ ಬಗೆಯ ಹೆಸರು ಜಗತ್ತಿನಲ್ಲಿ ಹುಟ್ಟಿಕೊಂಡಿದೆ. ಅದನ್ನು ವರ್ಷಕ್ಕಿಷ್ಟೆಂದು ಗೇಣಿ ಕೊಟ್ಟು ಪಡೆಯಬೇಕು. ಗೇಣಿ ತಪ್ಪಿದರೆ ಅದು ಪರರ ಪಾಲಾಗುತ್ತದೆ. ಒಮ್ಮೊಮ್ಮೆ ಒಂದೇ ಒಂದು ಪದ ಕೋಟಿಗಟ್ಟಲೆ ಹಣಕ್ಕೆ ಬಿಕರಿಯಾಗುತ್ತದೆ. ಇದೇ ಅಂತರ್ಜಾಲದ ‘ಡೊಮೈನ್ ನೇಮ್’. ಕನ್ನಡದಲ್ಲಿ ಇದನ್ನು ಕ್ಷೇತ್ರನಾಮವೆಂದು ಕರೆಯಬಹುದು. ಇಂತಹ ಹೆಸರುಗಳು ಜಗತ್ತಿನಲ್ಲಿ 36 ಕೋಟಿಗೂ ಮಿಗಿಲಾಗಿ ನೋಂದಣಿಗೊಂಡಿವೆ. ಇವುಗಳಿಗೆ ಮುಂದೆಯೂ ಬೆಲೆಯಿದ್ದೀತೆ, ಇದ್ದರೆ ಯಾವ ಬಗೆಯ ಹೆಸರಿಗೆ, ಯಾವ ಕಾರಣದಿಂದ ಎಂಬುದು ವ್ಯಾಪಾರಿಗಳಿಗಷ್ಟೇ ಸಂಬಂಧಿಸಿದ ಪ್ರಶ್ನೆಯಲ್ಲ. ಹೆಸರನ್ನು ನಂಬಿ ಬಾಳುವ ಮಠಕ್ಕೂ ಶಾಲೆಗೂ ಭಾಷೆಗೂ ಅದು ಸಂಬಂಧಿಸಿದೆ.

ಈ ಹೆಸರುಗಳ ಹುಟ್ಟು ಸರಳವಾದ ಅಗತ್ಯವೊಂದರಿಂದಾಯಿತು. ಗಣಕಯಂತ್ರಗಳು ಒಂದನ್ನೊಂದು ಅಂಕಿಗಳಿಂದ ಗುರುತಿಸುತ್ತವೆ. ಮನುಷ್ಯನಿಗಾದರೋ ಅಂಕಿಗಿಂತ ಪದ ಸುಲಭವಾಗಿ ನೆನಪಿನಲ್ಲಿ ನಿಲ್ಲುತ್ತದೆ. ಆರಂಭದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೀನ್ಲರ್ ಅವರ ತಂಡವು ಯಾವ ಹೆಸರಿಗೆ ಯಾವ ಅಂಕಿ ಎಂಬ ಒಂದೇ ಪಟ್ಟಿಯನ್ನು ಇಟ್ಟುಕೊಂಡಿದ್ದು, ಎಲ್ಲರೂ ಅದನ್ನೇ ನಕಲು ಮಾಡಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಪಟ್ಟಿಯೂ ಉದ್ದವಾಗಿ, ನಿರ್ವಹಣೆ ಕೈಮೀರಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿ ಇದಕ್ಕೆ ಪರಿಹಾರವಾಗಿ ಒಂದು ವ್ಯವಸ್ಥೆಯನ್ನು ರೂಪಿಸಿದರು. ಅದು ಬೇರು ಮೇಲಾಗಿ ಕೊಂಬೆ ಕೆಳಗಾದ ಅಶ್ವತ್ಥದಂತಿದೆ. ಮೇಲೆ ಬೇರು, ಅದರಿಂದಿಳಿದ ‘ಕಾಂ’, ‘ಆರ್ಗ್’, ‘ಇನ್’ ಮೊದಲಾದ ದೊಡ್ಡ ಕೊಂಬೆಗಳು, ಅವುಗಳಿಂದ ಕವಲೊಡೆದ ಒಂದೊಂದು ಸಂಸ್ಥೆಯ ಹೆಸರು. ಪ್ರತಿಯೊಂದು ಕೊಂಬೆಯವರೂ ತಮ್ಮ ಕೆಳಗಿನ ರೆಂಬೆಗಳ ಲೆಕ್ಕವನ್ನಷ್ಟೇ ಇಟ್ಟರೆ ಸಾಕು. ಒಂದು ಕೊಂಬೆಯಲ್ಲಿ ಒಂದು ಹೆಸರು ಒಬ್ಬರಿಗೆ ಮಾತ್ರ. ಈ ಕೊನೆಯ ನಿಯಮವೇ ಮುಂದಿನ ಎಲ್ಲ ಬೆಲೆಗೂ ಎಲ್ಲ ಕಲಹಕ್ಕೂ ಮೂಲವಾಯಿತು.

‘ಕಾಂ’ ಕೊಂಬೆಯಲ್ಲಿ ಮೊದಲು ನೋಂದಣಿಯಾದ ಹೆಸರು ‘ಸಿಂಬಾಲಿಕ್ಸ್’. ದಿನ 1985ರ ಮಾರ್ಚ್ 15. ಆಗ ಹೆಸರು ಪಡೆಯಲು ಕಾಸು ಕೊಡಬೇಕಾಗಿರಲಿಲ್ಲ. 1995ರಲ್ಲಿ ಎರಡು ವರ್ಷಕ್ಕೆ 100 ಡಾಲರ್ ಶುಲ್ಕವನ್ನು ವಿಧಿಸಿದ ಮೇಲೆಯೇ ಹೆಸರೂ ಒಂದು ಸರಕೆಂಬ ಭಾವನೆ ಬಲಿಯಿತು. 1999ರಲ್ಲಿ ‘ಬಿಸಿನೆಸ್’ ಎಂಬ ಹೆಸರು 75 ಲಕ್ಷ ಡಾಲರಿಗೆ ಮಾರಾಟವಾಯಿತು. 2010ರಲ್ಲಿ ‘ಇನ್ಶೂರೆನ್ಸ್’ 3 ಕೋಟಿ 56 ಲಕ್ಷ ಡಾಲರಿಗೆ, 2019ರಲ್ಲಿ ‘ವಾಯ್ಸ್’ 3 ಕೋಟಿ ಡಾಲರಿಗೆ ಕೈ ಬದಲಾಯಿಸಿದವು. ಇವೆಲ್ಲ ‘ಕಾಂ’ ಕೊಂಬೆಯವೇ. ಆದರೆ ಮೊತ್ತಮೊದಲಿನ ಆ ‘ಸಿಂಬಾಲಿಕ್ಸ್’ ಏನಾಯಿತು? ಆ ಹೆಸರಿನ ಗಣಕಯಂತ್ರಗಳನ್ನು ತಯಾರಿಸುತ್ತಿದ್ದ ಸಂಸ್ಥೆ ಕ್ಷೀಣಿಸಿತು. 2009ರಲ್ಲಿ ಹೆಸರು ಮಾತ್ರ ಹೂಡಿಕೆದಾರರ ಪಾಲಾಯಿತು. ಮನೆ ಬಿದ್ದುಹೋದ ಮೇಲೂ ಬಾಗಿಲವಾಡ ನಿಂತಂತೆ, ಕೆಲಸ ಅಳಿದ ಮೇಲೂ ಹೆಸರು ಉಳಿಯಿತು.

ಕ್ಷೇತ್ರನಾಮಗಳ ಭವಿಷ್ಯವನ್ನು ಕುರಿತು ಎರಡು ಪಕ್ಷಗಳಿವೆ. ಒಂದು ಪಕ್ಷದವರು, ಭೂಮಿಯಂತೆ ಒಳ್ಳೆಯ ಹೆಸರುಗಳೂ ಮಿತವಾಗಿವೆ, ಜನರಾದರೋ ಹೆಚ್ಚುತ್ತಿದ್ದಾರೆ, ಆದುದರಿಂದ ಬೆಲೆ ಏರುತ್ತಲೇ ಹೋಗುವುದು ಎನ್ನುತ್ತಾರೆ. ಇನ್ನೊಂದು ಪಕ್ಷದವರು, ಹೆಸರನ್ನು ಬೆರಳಚ್ಚಿಸಿ ತಾಣಕ್ಕೆ ಹೋಗುವವರೇ ಇಂದು ಅಪರೂಪ, ಶೋಧಕಯಂತ್ರವೂ ಕೈದೂರವಾಣಿಯ ಆ್ಯಪ್‌ಗಳೂ ಮಾತಾಡುವ ಕೃತಕ ಬುದ್ಧಿಯೂ ಬಂದ ಮೇಲೆ ಹೆಸರಿನ ಹಂಗೇಕೆ, ಇವು ಬೇಗನೆ ಬೆಲೆಗೆಡುವುವು ಎನ್ನುತ್ತಾರೆ. ಎರಡು ಪಕ್ಷಗಳಲ್ಲಿಯೂ ಒಂದು ದೋಷವಿದೆ: ಎಲ್ಲ ಹೆಸರುಗಳನ್ನೂ ಒಂದೇ ಜಾತಿಯವೆಂದು ಅವು ಭಾವಿಸುತ್ತವೆ. ಕನ್ನಡ ವ್ಯಾಕರಣವನ್ನು ಓದಿದ ಪ್ರೌಢಶಾಲೆಯ ವಿದ್ಯಾರ್ಥಿಯೂ ಈ ತಪ್ಪನ್ನು ಮಾಡಲಾರನು. ಏಕೆಂದರೆ ವಸ್ತುವಾಚಕಗಳು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮೂರು ತೆರನಾಗಿವೆಯೆಂಬುದನ್ನು ಅವನು ಬಲ್ಲನು. ನದಿ, ಬೆಟ್ಟ, ಊರು ಇವು ರೂಢನಾಮಗಳು; ಕಾವೇರಿ, ಸಹ್ಯಾದ್ರಿ, ಬಸವಣ್ಣ ಇವು ಅಂಕಿತನಾಮಗಳು; ವ್ಯಾಪಾರಿ, ವೈದ್ಯ, ವಿದ್ವಾಂಸ ಎಂಬಂತೆ ವೃತ್ತಿಗುಣಗಳನ್ನನುಸರಿಸಿ ಬಂದವು ಅನ್ವರ್ಥನಾಮಗಳು. ಈ ಹಳೆಯ ವಿಭಾಗವನ್ನು ಹೊಸ ವಸ್ತುವಿಗೆ ಅನ್ವಯಿಸಿದರೆ ಮುಂದಿನ ದಾರಿ ಬಹಳಮಟ್ಟಿಗೆ ಸ್ಪಷ್ಟವಾಗುತ್ತದೆ.

ಕೋಟಿಗಟ್ಟಲೆ ಬೆಲೆ ಪಡೆದ ಹೆಸರುಗಳಲ್ಲಿ ಬಹುಪಾಲು ರೂಢನಾಮಗಳು. ವ್ಯಾಪಾರ, ವಿಮೆ, ದನಿ ಎಂಬ ಸಾಮಾನ್ಯ ಪದಗಳು ಯಾರ ಸ್ವತ್ತೂ ಅಲ್ಲ. ಅವನ್ನು ಮೊದಲು ಹಿಡಿದವನು ಸಂತೆಗೆ ಹೋಗುವ ದಾರಿಯಲ್ಲಿ ಸುಂಕದ ಕಟ್ಟೆಯನ್ನು ಕಟ್ಟಿಕೊಂಡಂತೆ. ತೊಂಬತ್ತರ ದಶಕದಲ್ಲಿ ವಿಮೆ ಬೇಕಾದವನು ಆ ಪದವನ್ನೇ ಅಚ್ಚಿಸಿ ನೋಡುತ್ತಿದ್ದುದರಿಂದ ಆ ಕಟ್ಟೆಗೆ ಆದಾಯವಿತ್ತು. ಈಗ ದಾರಿಯೇ ಬದಲಾಗಿದೆ. ತಾಣದ ಹೆಸರಿನಲ್ಲಿ ಪದವಿದ್ದ ಮಾತ್ರಕ್ಕೆ ಹುರುಳಿಲ್ಲದ ತಾಣಗಳಿಗೆ ಸಿಗುತ್ತಿದ್ದ ಮುಂಚೂಣಿಯನ್ನು ಗೂಗಲ್ ಸಂಸ್ಥೆ 2012ರಲ್ಲಿಯೇ ತಗ್ಗಿಸಿತು. ಅದೇ ವರ್ಷ ಹೊಸ ಕೊಂಬೆಗಳಿಗಾಗಿ 1930 ಅರ್ಜಿಗಳು ಬಂದವು. ಮುಂದೆ ಸಾವಿರಕ್ಕೂ ಮಿಕ್ಕಿ ಹೊಸ ಕೊಂಬೆಗಳು ಮೂಡಿದವು. ಒಂದು ಕೊಂಬೆಯಲ್ಲಿ ದೊರೆಯದ ಪದ ಇನ್ನೊಂದರಲ್ಲಿ ದೊರೆಯುವಂತಾಯಿತು. ಆದರೂ ‘ಕಾಂ’ ಕೊಂಬೆಯ ಗೌರವ ಕುಂದಲಿಲ್ಲ; 15 ಕೋಟಿಗೂ ಮಿಕ್ಕ ಹೆಸರುಗಳು ಅಲ್ಲಿಯೇ ಇವೆ. ಅಭ್ಯಾಸಬಲ ದೊಡ್ಡದು. ಆದುದರಿಂದ ರೂಢನಾಮಗಳು ಒಮ್ಮೆಲೇ ಬೆಲೆ ಕಳೆದುಕೊಳ್ಳುವುವೆಂದು ಹೇಳಲಾಗದು. ಆದರೆ ಬರಿಯ ದಾರಿಯ ಮೇಲಿನ ಹಿಡಿತದಿಂದ ಬಂದ ಬೆಲೆ, ಜನ ದಾರಿ ಬದಲಿಸಿದಷ್ಟೂ ಇಳಿಯತಕ್ಕದ್ದೇ. ಹೆಸರನ್ನು ಬಳಸದೆ, ಮುಂದೆ ಮಾರುವ ಆಸೆಯಿಂದ ಕೂಡಿಡುವವರು ತಾವೂ ಹಣ ಹೂಡಿ ನಷ್ಟದ ಭಯವನ್ನು ಹೊತ್ತಿರುವುದಾಗಿ ವಾದಿಸುತ್ತಾರೆ. ಆ ವಾದ ಪೂರ್ತಿ ಸುಳ್ಳಲ್ಲ. ಆದರೆ ಕಾಯಕವಿಲ್ಲದ ಗಳಿಕೆಯನ್ನು ಒಪ್ಪದ ನೆಲದಲ್ಲಿ ಅದನ್ನು ಆದರ್ಶವೆಂದು ಮಕ್ಕಳಿಗೆ ಕಲಿಸಲಾಗದು.

ಅದೃಷ್ಟದಿಂದ ಬಂದ ಬೆಲೆಯೂ ಒಂದುಂಟು. ಶಾಂತಸಾಗರದ ತುವಾಲು ಎಂಬ ಪುಟ್ಟ ದ್ವೀಪರಾಷ್ಟ್ರಕ್ಕೆ ನಿಯಮಾನುಸಾರ ‘ಟಿವಿ’ ಎಂಬ ಎರಡಕ್ಷರ ಬಂದಿತು. ಅದು ದೂರದರ್ಶನದ ಹ್ರಸ್ವರೂಪವೂ ಆದುದರಿಂದ, ಆ ಕೊಂಬೆಯ ಹಕ್ಕಿಗಾಗಿ ವಿದೇಶೀ ಸಂಸ್ಥೆಯೊಂದು ಹಣ ಸುರಿಯಿತು. 2000ದಲ್ಲಿ ತುವಾಲು ವಿಶ್ವಸಂಸ್ಥೆಯ ಸದಸ್ಯತ್ವ ಪಡೆಯಲು ಈ ಹಣವೂ ನೆರವಾಯಿತು. ಕೆರಿಬಿಯನ್ ಸಮುದ್ರದ ಆಂಗ್ವಿಲಾ ದ್ವೀಪಕ್ಕೆ ಬಂದುದು ‘ಎಐ’. ಕೃತಕ ಬುದ್ಧಿಗೆ ಇಂಗ್ಲಿಷಿನಲ್ಲಿ ಅದೇ ಹ್ರಸ್ವನಾಮ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಆ ಕೊಂಬೆಗೆ ಜನ ಮುಗಿಬಿದ್ದರು. 2023ರಲ್ಲಿ ಆ ದ್ವೀಪದ ಸರಕಾರಕ್ಕೆ ಅದರಿಂದ ಬಂದ ಆದಾಯ ಸುಮಾರು 3 ಕೋಟಿ 20 ಲಕ್ಷ ಡಾಲರ್, ಅಂದರೆ ಒಟ್ಟು ರಾಜಸ್ವದ ಐದನೆಯ ಒಂದು ಪಾಲಿಗೂ ಹೆಚ್ಚು. ಬಡ ದ್ವೀಪಗಳಿಗೆ ಇಂತಹ ಭಾಗ್ಯ ಬಂದುದು ಸಂತೋಷದ ಸಂಗತಿ. ಆದರೆ ಅಕ್ಷರಗಳ ಆಕಸ್ಮಿಕ ಕೂಟದಿಂದ ಬಂದ ಸಿರಿ ಅಷ್ಟೇ ಆಕಸ್ಮಿಕವಾಗಿ ಹೋಗಲೂಬಹುದು. ಯುಗೋಸ್ಲಾವಿಯಾ ಎಂಬ ದೇಶ ಒಡೆದು ಅಳಿದ ಮೇಲೆ, ಅದರ ‘ವೈಯು’ ಎಂಬ ಕೊಂಬೆಯನ್ನು 2010ರಲ್ಲಿ ಬೇರಿನಿಂದಲೇ ತೆಗೆದುಹಾಕಲಾಯಿತು. ಚಾಗೋಸ್ ದ್ವೀಪಗಳ ಒಡೆತನವನ್ನು ಮಾರಿಷಸ್ಸಿಗೆ ಬಿಟ್ಟುಕೊಡುವ ಒಪ್ಪಂದಕ್ಕೆ ಬ್ರಿಟನ್ 2025ರ ಮೇ ತಿಂಗಳಲ್ಲಿ ಸಹಿ ಹಾಕಿದಾಗ, ಆ ದ್ವೀಪಗಳಿಗೆ ಸೇರಿದ ‘ಐಒ’ ಕೊಂಬೆಯನ್ನು ನೆಚ್ಚಿದ್ದ ಉದ್ಯಮಗಳವರು ಚಿಂತೆಗೊಳಗಾದುದು ಸಹಜವೇ. ದೇಶವೇ ಅಳಿದರೆ ದೇಶದ ಹೆಸರಿನ ಮೇಲೆ ಕಟ್ಟಿದ ಮನೆ ಎಲ್ಲಿ ನಿಲ್ಲಬೇಕು?

ಇನ್ನು ಅಂಕಿತನಾಮದ ಮಾತು. ಮುಂದಿನ ದಿನಗಳಲ್ಲಿ ನಿಜವಾದ ಬೆಲೆ ಬರುವುದು ಇದಕ್ಕೇ. ಕಾರಣವಿಷ್ಟೆ: ಇಂದು ಯಂತ್ರವು ಯಾರ ದನಿಯನ್ನಾದರೂ ಅನುಕರಿಸಬಲ್ಲುದು, ಯಾರ ಮುಖವನ್ನಾದರೂ ಬರೆಯಬಲ್ಲುದು, ಯಾರ ಶೈಲಿಯಲ್ಲಾದರೂ ಪತ್ರವನ್ನು ಹೊಸೆಯಬಲ್ಲುದು. ಹೀಗಿರುವಾಗ ಒಂದು ಪ್ರಕಟಣೆ ನಿಜವಾಗಿಯೂ ಇಂತಹ ಸಂಸ್ಥೆಯದೇ ಎಂದು ತಿಳಿಯುವುದು ಹೇಗೆ? ಬರೆಹದ ರೂಪದಿಂದ ತಿಳಿಯದು. ಅದು ಬಂದ ತಾಣದ ಹೆಸರಿನಿಂದಲೇ ತಿಳಿಯಬೇಕು. ಒಂದು ಕೊಂಬೆಯಲ್ಲಿ ಒಂದು ಹೆಸರು ಒಬ್ಬರಿಗೆ ಮಾತ್ರವೆಂಬ ನಿಯಮವು ಇಲ್ಲಿ ರಕ್ಷೆಯಾಗುತ್ತದೆ. ಮಿಂಚಂಚೆಯೂ ಈ ಹೆಸರುಗಳನ್ನೇ ಆಧರಿಸಿದೆ. ಬೆರಳಚ್ಚಿಸುವವರು ಕಡಮೆಯಾದರೂ ಪರೀಕ್ಷಿಸಬೇಕಾದವರು ಹೆಚ್ಚುತ್ತಿದ್ದಾರೆ. ಈ ಮರ್ಮವನ್ನು ಮೋಸಗಾರರು ಮೊದಲೇ ಅರಿತಿದ್ದಾರೆ. ಆದುದರಿಂದಲೇ ಪ್ರಸಿದ್ಧ ಹೆಸರಿನ ಒಂದಕ್ಷರವನ್ನು ತಿರುಚಿ ಬಲೆ ಬೀಸುತ್ತಾರೆ. ನ್ಯಾಯಾಲಯಗಳೂ ಇದನ್ನು ಮನಗಂಡಿವೆ. 1999ರಲ್ಲಿ ಹೆಸರುಗಳ ವಿವಾದ ಪರಿಹಾರಕ್ಕೆ ಅಂತರರಾಷ್ಟ್ರೀಯ ನಿಯಮಾವಳಿಯೊಂದು ಜಾರಿಗೆ ಬಂದಿತು. ಭಾರತದ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಸತ್ಯಂ ಇನ್ಫೋವೇ ಮೊಕದ್ದಮೆಯಲ್ಲಿ, ಕ್ಷೇತ್ರನಾಮವೂ ವ್ಯಾಪಾರಮುದ್ರೆಯ ಲಕ್ಷಣಗಳನ್ನು ಪಡೆಯಬಲ್ಲುದೆಂದೂ, ಪರರ ಹೆಸರಿನ ಖ್ಯಾತಿಯನ್ನು ಬಳಸಿ ಜನರನ್ನು ದಾರಿ ತಪ್ಪಿಸುವುದರ ವಿರುದ್ಧ ಅದಕ್ಕೂ ರಕ್ಷಣೆಯುಂಟೆಂದೂ ತೀರ್ಪಿತ್ತಿತು.

ಅಂಕಿತವೆಂಬ ಪದ ಶರಣಸಾಹಿತ್ಯದ ಓದುಗರಿಗೆ ಇನ್ನೊಂದು ಅರ್ಥವನ್ನು ನೆನಪಿಗೆ ತರುತ್ತದೆ. ಬಸವಣ್ಣನವರ ವಚನಗಳಿಗೆ ಕೂಡಲಸಂಗಮದೇವ, ಅಲ್ಲಮಪ್ರಭುವಿನ ವಚನಗಳಿಗೆ ಗುಹೇಶ್ವರ, ಅಕ್ಕಮಹಾದೇವಿಯ ವಚನಗಳಿಗೆ ಚೆನ್ನಮಲ್ಲಿಕಾರ್ಜುನ ಅಂಕಿತವಾಗಿ ನಿಂತಿವೆ. ಈ ಹೆಸರುಗಳನ್ನು ಅವರು ಯಾವ ಕಚೇರಿಯಲ್ಲಿಯೂ ನೋಂದಾಯಿಸಲಿಲ್ಲ. ಅಂಬಿಗರ ಚೌಡಯ್ಯನಂತೂ ದೋಣಿ ನಡೆಸುವ ತನ್ನ ಕಾಯಕವನ್ನೂ ತನ್ನ ಹೆಸರನ್ನೂ ಕೂಡಿಸಿ ಅದನ್ನೇ ಅಂಕಿತ ಮಾಡಿಕೊಂಡನು. ಎಂಟು ಶತಮಾನಗಳ ಮೇಲೂ ಅಂಕಿತವನ್ನು ಕಂಡೊಡನೆ ವಚನಕಾರನಾರೆಂದು ಕನ್ನಡಿಗನು ಗುರುತಿಸುತ್ತಾನೆ. ಹೆಸರು ವಚನಕ್ಕೆ ಬೆಲೆ ತರಲಿಲ್ಲ. ವಚನವೂ ಅದರ ಹಿಂದಿನ ನಡೆಯೂ ಹೆಸರಿಗೆ ಬೆಲೆ ತಂದವು. ಕ್ಷೇತ್ರನಾಮಕ್ಕೂ ಈ ಮಾತು ಅಕ್ಷರಶಃ ಸಲ್ಲುತ್ತದೆ. ಇಟ್ಟ ಅಂಕಿತನಾಮ ನಡೆಯಿಂದ ಅನ್ವರ್ಥನಾಮವಾದಾಗಲೇ ಅದರ ಮೌಲ್ಯ ಪೂರ್ಣವಾಗುತ್ತದೆ. ಬೆಲೆಯೆಂಬುದು ಮಾರುವಾಗ ಬರುವ ಮೊತ್ತ. ಮೌಲ್ಯವೆಂಬುದು ಮಾರಲಾಗದ್ದನ್ನೂ ಒಳಗೊಂಡುದು.

ಇಷ್ಟು ಮೌಲ್ಯದ ವಸ್ತು ಯಾರ ಕೈಯಲ್ಲಿದೆ ಎಂಬುದೇ ಚಿಂತಿಸಬೇಕಾದ ಸಂಗತಿ. ಕ್ಷೇತ್ರನಾಮವನ್ನು ಕೊಂಡೆವೆಂದು ಜನ ಹೇಳುತ್ತಾರೆ. ವಾಸ್ತವವಾಗಿ ಅದು ಗೇಣಿಯೇ ಹೊರತು ಕ್ರಯವಲ್ಲ. ‘ಕಾಂ’, ‘ಆರ್ಗ್’ ಮೊದಲಾದ ಕೊಂಬೆಗಳಲ್ಲಿ ಒಮ್ಮೆಗೆ ಹತ್ತು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಹೆಸರು ದೊರೆಯದು. ಗೇಣಿ ತಪ್ಪಿ ಹೆಸರು ಅಳಿಸಲ್ಪಟ್ಟರೆ, ಮರಳಿ ಪಡೆಯಲು 30 ದಿನಗಳ ಅವಕಾಶ. ಅನಂತರ 5 ದಿನ ಕಳೆದರೆ ಅದು ಊರಿನ ಎತ್ತುವಳಿ ದನದಂತೆ ಮೊದಲು ಬಂದವನದು. ಅನೇಕ ವಿದ್ಯಾಸಂಸ್ಥೆಗಳಲ್ಲಿ ಈ ಹೆಸರು ಸಂಸ್ಥೆಯ ಹೆಸರಿನಲ್ಲಿರದೆ, ತಾಣವನ್ನು ಕಟ್ಟಿಕೊಟ್ಟ ಯಾರೋ ಉತ್ಸಾಹಿಯ ಹೆಸರಿನಲ್ಲಿರುವುದುಂಟು. ಅವನು ಕೆಲಸ ಬಿಟ್ಟರೆ, ವಿಳಾಸ ಬದಲಾಯಿಸಿದರೆ, ಗೇಣಿಯ ನೆನಪೋಲೆ ಸಂಸ್ಥೆಗೆ ತಲಪುವುದೇ ಇಲ್ಲ. ಮಠದ ಜಮೀನಿನ ಪಹಣಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವವರು ಮಠದ ಹೆಸರಿನ ಪಹಣಿಯನ್ನು ಬಯಲಿನಲ್ಲಿ ಬಿಟ್ಟಿರುವುದು ವಿವೇಕವಲ್ಲ.

ಗೇಣಿದಾರನಿಗಿಂತ ಮೇಲಿನವರ ನಡೆಯನ್ನೂ ಗಮನಿಸಬೇಕು. ಧರ್ಮಸಂಸ್ಥೆಗಳೂ ಸೇವಾಸಂಸ್ಥೆಗಳೂ ಹೆಚ್ಚಾಗಿ ಆಶ್ರಯಿಸಿರುವುದು ‘ಆರ್ಗ್’ ಕೊಂಬೆಯನ್ನು. ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು ಅದನ್ನು ನೋಡಿಕೊಳ್ಳುತ್ತಿದೆ. 2019ರಲ್ಲಿ ಆ ಕೊಂಬೆಯ ಶುಲ್ಕಕ್ಕಿದ್ದ ಮೇಲ್ಮಿತಿಯನ್ನು ತೆಗೆಯಲಾಯಿತು. ಅದೇ ವರ್ಷ ನವೆಂಬರಿನಲ್ಲಿ ಇಡೀ ಕೊಂಬೆಯ ಆಡಳಿತವನ್ನು ಖಾಸಗಿ ಹೂಡಿಕೆ ಸಂಸ್ಥೆಯೊಂದಕ್ಕೆ 113 ಕೋಟಿ ಡಾಲರಿಗೂ ಹೆಚ್ಚಿನ ಮೊತ್ತಕ್ಕೆ ಮಾರುವ ಪ್ರಸ್ತಾಪ ಬಂದಿತು. ಲೋಕದ ನಾನಾ ಸೇವಾಸಂಸ್ಥೆಗಳು ಪ್ರತಿಭಟಿಸಿದವು. 1998ರಲ್ಲಿ ಸ್ಥಾಪಿತವಾಗಿ ಹೆಸರುಗಳ ಮೇಲ್ವಿಚಾರಣೆ ನಡೆಸುತ್ತಿರುವ ಐಕ್ಯಾನ್ ಸಂಸ್ಥೆಯು 2020ರ ಏಪ್ರಿಲ್ 30ರಂದು ಅನುಮತಿ ನಿರಾಕರಿಸಿತು. ಆ ದಿನ ಗಂಡಾಂತರ ತಪ್ಪಿತು. ಎಚ್ಚತ್ತ ಜನ ಕೂಡಿ ಕೇಳಿದುದರಿಂದ ತಪ್ಪಿತೇ ಹೊರತು ತಾನಾಗಿ ತಪ್ಪಲಿಲ್ಲ ಎಂಬುದನ್ನು ಮರೆಯಬಾರದು. ದಕ್ಷಿಣ ಅಮೆರಿಕದ ಮಹಾನದಿಯ ಹೆಸರಾದ ‘ಅಮೆಜಾನ್’ ಎಂಬ ಕೊಂಬೆಗಾಗಿ ಅದೇ ಹೆಸರಿನ ವ್ಯಾಪಾರಸಂಸ್ಥೆ 2012ರಲ್ಲಿ ಅರ್ಜಿ ಹಾಕಿತು. ನದಿ ಹರಿಯುವ ಬ್ರೆಜಿಲ್, ಪೆರು ಮೊದಲಾದ ದೇಶಗಳು ವಿರೋಧಿಸಿದವು. ಹಲವು ವರ್ಷಗಳ ಜಗಳದ ಬಳಿಕ 2019ರಲ್ಲಿ ತೀರ್ಮಾನ ಸಂಸ್ಥೆಯ ಪರವಾಯಿತು. ನದಿಯೇನೋ ತನ್ನ ಪಾಡಿಗೆ ಹರಿಯುತ್ತಿದೆ. ಅದರ ಹೆಸರು ಮಾತ್ರ ಅಂತರ್ಜಾಲದಲ್ಲಿ ಅಂಗಡಿಗೆ ಸೇರಿತು. ಕ್ಷೇತ್ರಗಳ, ನದಿಗಳ, ಸಂತರ ಹೆಸರುಗಳು ಯಾರ ಸ್ವತ್ತೆಂಬ ಪ್ರಶ್ನೆ ಎಲ್ಲ ನಾಡುಗಳಿಗೂ ಒಂದಲ್ಲ ಒಂದು ದಿನ ಬರತಕ್ಕದ್ದೇ.

ಕೊನೆಯದಾಗಿ ಕನ್ನಡದ ವಿಷಯ. ಬಹುಕಾಲ ಈ ವೃಕ್ಷದಲ್ಲಿ ರೋಮನ್ ಅಕ್ಷರಗಳಿಗಲ್ಲದೆ ಬೇರೆ ಲಿಪಿಗೆ ಎಡೆಯಿರಲಿಲ್ಲ. 2010ರಲ್ಲಿ ಅರಬ್ಬೀ ಲಿಪಿಯ ದೇಶನಾಮಗಳು ಬೇರಿಗೆ ಸೇರಿದವು. 2013ರಲ್ಲಿ ಹೊಸ ಸಾಮಾನ್ಯ ಕೊಂಬೆಗಳು ಮೂಡತೊಡಗಿದಾಗ, ಮೊದಲಿನ ನಾಲ್ಕೂ ಅರಬ್ಬೀ, ಸಿರಿಲಿಕ್ ಮತ್ತು ಚೀನೀ ಲಿಪಿಗಳವೇ ಆಗಿದ್ದವು. ಇಂದು ಕನ್ನಡ ಲಿಪಿಯಲ್ಲಿಯೇ ‘ಭಾರತ’ ಎಂಬ ಕೊಂಬೆಯಿದೆ; ಹೆಸರನ್ನೂ ಕೊಂಬೆಯನ್ನೂ ಪೂರ್ತಿಯಾಗಿ ಕನ್ನಡದಲ್ಲಿ ಬರೆಯಬಹುದು. ಒಳಗೆ ಮಾತ್ರ ಯಂತ್ರವು ಅದನ್ನು ‘ಎಕ್ಸ್’, ‘ಎನ್’ ಎಂಬ ಎರಡು ರೋಮನ್ ಅಕ್ಷರ ಮತ್ತು ಎರಡು ಅಡ್ಡಗೆರೆಗಳಿಂದ ಆರಂಭವಾಗುವ ಸಂಕೇತಕ್ಕೆ ಪರಿವರ್ತಿಸಿಕೊಳ್ಳುತ್ತದೆ. ತೊಡಕುಗಳು ಇಲ್ಲದಿಲ್ಲ. ಕನ್ನಡ ಮತ್ತು ತೆಲುಗು ಲಿಪಿಗಳು ಒಡಹುಟ್ಟಿದವು; ಬ, ಲ, ಜ ಮೊದಲಾದ ಅಕ್ಷರಗಳು ಎರಡರಲ್ಲಿಯೂ ಬಹುತೇಕ ಒಂದೇ ರೂಪದವು. ‘ಬಲ’ ಎಂದು ಎರಡು ಲಿಪಿಗಳಲ್ಲಿ ಬರೆದರೆ ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಆದುದರಿಂದ ಇಂತಹ ಜೋಡಿಗಳನ್ನು ಗುರುತಿಸಿ ನಿಯಮ ಮಾಡಬೇಕಾಯಿತು. ಕನ್ನಡ ಅಕ್ಷರದ ವಿಳಾಸವನ್ನು ತಪ್ಪೆಂದು ತಳ್ಳುವ ತಂತ್ರಾಂಶಗಳೂ ಇವೆ.

ಭಾಷೆಯನ್ನು ಬಲ್ಲವರು ದೂರ ನಿಂತರೆ ಏನಾಗುವುದೆಂಬುದಕ್ಕೆ ಒಂದು ನಿದರ್ಶನವುಂಟು. ಹಳಗನ್ನಡದ ‘ೞ’ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ಇಂಗ್ಲಿಷಿನ ‘ಎಫ್’ ಉಚ್ಚಾರದ ‘ಫ’ ಎಂಬ ಹೆಸರು ಪ್ರಮಾದದಿಂದ ಬಿದ್ದಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಆ ತಪ್ಪು ಹೆಸರು ಉಳಿದೇಹೋಯಿತು. ಸರಿಯಾದುದು ಪರ್ಯಾಯನಾಮವಾಗಿ ಪಕ್ಕದಲ್ಲಿ ನಿಂತಿತು. ಹೆಸರಿಡುವ ಹೊತ್ತಿನಲ್ಲಿ ಅಲ್ಲಿರದವನು ಆಮೇಲೆ ಗೋಳಾಡಿ ಫಲವಿಲ್ಲ.

ಕನ್ನಡದ ಕ್ಷೇತ್ರನಾಮಗಳಿಗೆ ಪೇಟೆಯಲ್ಲಿ ಇಂದು ಹೇಳಿಕೊಳ್ಳುವಷ್ಟು ಬೆಲೆಯಿಲ್ಲ. ಜನರಿಗೆ ರೋಮನ್ ಅಕ್ಷರಗಳೇ ರೂಢಿಯಾಗಿರುವಾಗ ಇವೇಕೆ ಎಂದು ಕೇಳುವವರಿದ್ದಾರೆ. ಉತ್ತರ ಸರಳವಾಗಿದೆ. ಬೆಲೆಯಿಲ್ಲದಿರುವಾಗಲೇ ಬಿತ್ತಬೇಕು. ಬೆಲೆ ಬಂದ ಮೇಲೆ ಹೊಲ ಪರರದಾಗಿರುತ್ತದೆ. ಹಳ್ಳಿಯ ಮಗುವಿಗೆ ತನ್ನ ಶಾಲೆಯ ಹೆಸರನ್ನು ತಾನು ಕಲಿತ ಅಕ್ಷರಗಳಲ್ಲಿಯೇ ಬರೆದು ಶಾಲೆಯ ತಾಣಕ್ಕೆ ಹೋಗುವ ಹಕ್ಕಿದೆ. ರೋಮನ್ ಲಿಪಿಯಲ್ಲಿ ಬರೆದಾಗ ‘ಕಲೆ’ಯೂ ‘ಕಳೆ’ಯೂ ಒಂದಾಗಿ, ಅರ್ಥ ಅನರ್ಥವಾಗುವ ಭಯ ಕನ್ನಡ ಲಿಪಿಯಲ್ಲಿಲ್ಲ. ವಿದ್ಯಾಸಂಸ್ಥೆಗಳು ಮಾಡತಕ್ಕ ಕೆಲಸ ದೊಡ್ಡದೇನಲ್ಲ: ಹೆಸರನ್ನು ಸಂಸ್ಥೆಯ ಅಧಿಕಾರದಲ್ಲಿಯೇ ನೋಂದಾಯಿಸುವುದು, ಗೇಣಿಯ ದಿನವನ್ನು ವಾರ್ಷಿಕ ಲೆಕ್ಕಪತ್ರದಲ್ಲಿ ಸೇರಿಸುವುದು, ಈಗಿರುವ ಹೆಸರಿನ ಜೊತೆಗೆ ಕನ್ನಡದ ಹೆಸರನ್ನೂ ಪಡೆದು ದಿನಬಳಕೆಗೆ ತರುವುದು, ಎಲ್ಲಕ್ಕೂ ಮಿಗಿಲಾಗಿ, ಆ ಹೆಸರಿನ ಕೆಳಗೆ ಸುಳ್ಳನ್ನೂ ಹುರುಳಿಲ್ಲದ್ದನ್ನೂ ಪ್ರಕಟಿಸದಿರುವುದು.

ಹೆಸರುಗಳ ಸಂತೆಯಲ್ಲಿ ನಾಳೆ ಯಾವ ಪದಕ್ಕೆ ಎಷ್ಟು ಡಾಲರ್ ಎಂಬುದನ್ನು ಹೇಳಬಲ್ಲ ಜೋಯಿಸರಾರೂ ಇಲ್ಲ. ರೂಢಿ ಬದಲಾದಂತೆ ರೂಢನಾಮದ ಬೆಲೆ ಬದಲಾಗುವುದು. ಅದೃಷ್ಟದ ಹೆಸರು ಅದೃಷ್ಟವಿದ್ದಷ್ಟು ದಿನ ಮೆರೆಯುವುದು. ಕಾಯಕ ಬೆನ್ನಿಗಿರುವ ಅಂಕಿತಕ್ಕೆ ಮಾತ್ರ ಕ್ಷಯವಿಲ್ಲ. ವರ್ಷವರ್ಷವೂ ಕಟ್ಟುವ ಹಣದಿಂದ ಹೆಸರಿನ ಗೇಣಿ ತೀರೀತು. ಹೆಸರಿನ ಋಣ ನಡೆಯಿಂದಲೇ ತೀರಬೇಕು. ಇದನ್ನರಿತು ಬಾಳುವ ಸಂಸ್ಥೆಗಳ ಹೆಸರು ಯಾವ ಲಿಪಿಯಲ್ಲಿದ್ದರೂ, ಯಾವ ಕೊಂಬೆಯಲ್ಲಿದ್ದರೂ ಬಾಡದೆ ಉಳಿಯಲಿ.